ಬೆಳಕು ಬೇಕಾದಷ್ಟಿತ್ತು, ಕರ್ಣನ ಮುಖ ಮಾತ್ರ ಕಾಣಲಿಲ್ಲ

ನಾವು ನಾಲ್ಕು ಜನ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ತಾಲ್ಲೂಕಿಗೊಬ್ಬರು. ಪತ್ರಿಕೋದ್ಯಮ ಓದುವಾಗ ಒಂದೇ ರೂಮು, ಒಂದೇ ಸಾರಿನ ಪಾತ್ರೆ. ಈಗ ಕೆಲಸ ಬೇರೆ ಬೇರೆ ಕಡೆ. ಆದರೂ ಯಾರ ಊರಿನ ಜಾತ್ರೆಯಾದರೂ ನಾಲ್ವರೂ ಸೇರುತ್ತೇವೆ.

ಎರಡು ವರ್ಷದ ಹಿಂದೆ ಹಿರಿಯೂರು ಕಡೆಯ ಗೆಳೆಯನ ಊರಲ್ಲಿ ‘ಕುರುಕ್ಷೇತ್ರ’ ನಾಟಕ ಇಟ್ಟುಕೊಂಡಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಊರಿನವರು ಇದನ್ನು ಓದುತ್ತಾರೆ, ನಾವು ಮತ್ತೆ ಅಲ್ಲಿಗೆ ಊಟಕ್ಕೆ ಹೋಗಬೇಕು.

ಗೆಳೆಯನ ಅಪ್ಪನಿಗೆ ಕರ್ಣನ ಪಾರ್ಟು. ಹಳ್ಳಿ ನಾಟಕದ ಲೆಕ್ಕ ನಿಮಗೆ ಗೊತ್ತೇ ಇದೆ. ಪಾರ್ಟು ಮಾಡುವವನೇ ದುಡ್ಡು ಕೊಡಬೇಕು. ಕೃಷ್ಣನಿಗೊಂದು ರೇಟು, ದುರ್ಯೋಧನನಿಗೊಂದು ರೇಟು, ದೂತನಿಗೊಂದು ರೇಟು. ಆ ದುಡ್ಡಿನಲ್ಲೇ ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಸೀನರಿ, ಡ್ರೆಸ್ಸು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು, ಎಲ್ಲ ಆಗಬೇಕು. ಅಪ್ಪ ಆ ಸಲ ಈರುಳ್ಳಿಯಲ್ಲಿ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಕರ್ಣನಿಗೆ ಇಟ್ಟರು. ಮೂರು ತಿಂಗಳು ರಾತ್ರಿ ಹೊತ್ತು ಪ್ರಾಕ್ಟೀಸು. ಹಗಲು ಹೊಲದಲ್ಲಿ ನೀರು ಕಟ್ಟುತ್ತಾ ಕಂದ ಪದ್ಯ ಹೇಳಿಕೊಳ್ಳುತ್ತಿದ್ದರು ಎಂದು ಅಮ್ಮ ನಗುತ್ತಾ ಹೇಳಿದ್ದರು.

ಲೈಟು ಮತ್ತು ಮೈಕಿನ ಜವಾಬ್ದಾರಿ ನಮಗೆ ಬಂತು. ಯಾಕೆಂದರೆ ನಾವು ಓದಿದವರು. ನಾಲ್ಕು ಶಾರ್ಟ್ ಫಿಲಂ ನೋಡಿದವರು.

ನಾವು ಮಾಡಿದ್ದು ಇಷ್ಟು. ಮದುವೆ ಸ್ಟೇಜಿಗೆ ಕೊಡುವ ಕಲರ್ ಎಲ್‌ಇಡಿ ಲೈಟು ತಂದೆವು, ತಿರುಗುವ ಲೈಟು ತಂದೆವು, ಹೊಗೆ ಬಿಡುವ ಮೆಷಿನ್ ತಂದೆವು. ಎಲ್ಲವನ್ನೂ ಸ್ಟೇಜಿನ ಮುಂದಿನ ಅಡ್ಡ ಪೈಪಿಗೆ, ನೆತ್ತಿಯ ನೇರಕ್ಕೆ ಕಟ್ಟಿದೆವು. ದುರ್ಯೋಧನನ ದರ್ಬಾರಿಗೆ ಕೆಂಪು, ಕೃಷ್ಣ ಬಂದರೆ ಹಸಿರು, ಯುದ್ಧಕ್ಕೆ ಮಿಣುಕು. ಹುಡುಗರು ಶಿಳ್ಳೆ ಹೊಡೆದರು. ನಮಗೂ ಖುಷಿ.

ಸರಿಸುಮಾರು ಎರಡು ಗಂಟೆ ರಾತ್ರಿಗೆ ಕುಂತಿ ಕರ್ಣನನ್ನು ನೋಡಲು ನದೀತೀರಕ್ಕೆ ಬರುವ ಸೀನು. ನದಿ ಅಂದರೆ ನೀಲಿ ಎಂದು ಪೂರಾ ನೀಲಿ ಹಾಕಿದೆವು. ಸ್ವಲ್ಪ ಹೊಗೆಯನ್ನೂ ಬಿಟ್ಟೆವು.

ಅಪ್ಪ ಬಂದು ಸ್ಟೇಜಿನ ತುದಿಗೆ, ಮೈಕಿನ ಹತ್ತಿರ ನಿಂತರು. ಅಂದರೆ ಲೈಟಿನ ಪೈಪಿನಿಂದ ಒಂದು ಹೆಜ್ಜೆ ಆಚೆಗೆ. ಕಿರೀಟದ ಹಿಂಭಾಗಕ್ಕೆ ಬೆಳಕು, ಮುಖಕ್ಕೆ ಕತ್ತಲು. ಕೆಂಪು ರೇಷ್ಮೆ ಶಲ್ಯ ನೀಲಿಯಲ್ಲಿ ಕರೀ ಕಂಬಳಿಯ ಹಾಗೆ ಕಂಡಿತು. ಇಂಗಳೀಕ ಹಚ್ಚಿದ್ದ ಕೆನ್ನೆ ಮಸಿ ಬಳಿದ ಹಾಗಾಯಿತು. ತಾನು ಯಾರ ಮಗ ಎಂದು ಕರ್ಣನಿಗೆ ಗೊತ್ತಾಗುವ ಗಳಿಗೆ ಅದು. ಇಡೀ ನಾಟಕದಲ್ಲಿ ಅಪ್ಪ ಕಾದಿದ್ದ ಗಳಿಗೆಯೂ ಅದೇ. ಹಿಂದೆ ಚಾಪೆ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕೇಳಿದ್ದು ನಮಗೆ ಕೇಳಿಸಿತು: “ಮಾತಾಡ್ತಿರೋದು ಯಾರೇ, ಕರ್ಣನಾ, ಕುಂತಿಯಾ?”

ಕುಂತಿ ಪಾತ್ರದ ಅಕ್ಕ ನೂರಾರು ಸ್ಟೇಜು ಕಂಡವರು. ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು ಬೆಳಕಿಗೆ ಬಂದರು, ಅಪ್ಪನನ್ನೂ ಕೈ ಹಿಡಿದು ಎಳೆಯಲು ನೋಡಿದರು. ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಅವರು ಅಳುತ್ತಿದ್ದರು. ನಿಜವಾಗಿ ಅಳುತ್ತಿದ್ದರು. ಯಾರಿಗೂ ಕಾಣಲಿಲ್ಲ.

ಧ್ವನಿ ಸಾಲದು ಎಂದು ನಾವು ಮೈಕ್ ಜಾಸ್ತಿ ಮಾಡಿದೆವು. ಕುಯ್ಯೋ ಎಂದು ಕಿರುಚಿತು. ಪದ್ಯ ಅಲ್ಲಿಗೆ ಮುರಿಯಿತು.

ಬೆಳಿಗ್ಗೆ ಬಣ್ಣ ತೊಳೆದುಕೊಂಡು ಅಪ್ಪ ಜಗುಲಿ ಮೇಲೆ ಕೂತು ಫೋನಿನಲ್ಲಿ ವಿಡಿಯೋ ನೋಡಿದರು. ನೀಲಿ ಹೊಗೆ, ನಡುವೆ ಒಂದು ಕರೀ ಆಕಾರ. ಪೂರ್ತಿ ನೋಡಿ ಫೋನು ವಾಪಸ್ ಕೊಟ್ಟರು. “ಧ್ವನಿ ಕೇಳ್ತೈತಲ್ಲ, ಸಾಕ್ ಬಿಡ್ರಪ್ಪಾ. ತಿಂಡಿ ತಿನ್ನಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಕುಂತಿ ಪಾತ್ರದ ಅಕ್ಕ ನಮ್ಮನ್ನು ಪಕ್ಕಕ್ಕೆ ಕರೆದರು. “ನೋಡ್ರೋ ತಮ್ಮಾ, ಹಳೇ ಲೈಟಾದ್ರೆ ಮುಖಕ್ಕೆ ಬಿದ್ದಿದೆಯೋ ಇಲ್ಲವೋ ಅಂತ ಕೆನ್ನೆಗೆ ಗೊತ್ತಾಗ್ತಿತ್ತು. ಬೆಚ್ಚಗಿರ್ತಿತ್ತು. ಈ ಲೈಟಲ್ಲಿ ಬಿಸಿಯೇ ಇಲ್ಲ. ಗೊತ್ತಿಲ್ದೋರು ಎಲ್ಲಿ ನಿಂತಿದೀವಿ ಅಂತ ಹೆಂಗೆ ತಿಳ್ಕೋಬೇಕು?”

ಆ ಮಾತು ನಮ್ಮನ್ನು ಬಿಡಲಿಲ್ಲ. ಅಲ್ಲಿಂದ ಒಂದು ವರ್ಷ ನಾವು ನಾಟಕ ನೋಡಲು ಹೋದ ಕಡೆಯೆಲ್ಲ ಕಥೆ ನೋಡಲಿಲ್ಲ, ಲೈಟು ಎಲ್ಲಿ ಕಟ್ಟಿದ್ದಾರೆ ಎಂದು ನೋಡಿದೆವು.

ಮೊದಲು ಹೋಗಿದ್ದು ಸಾಣೇಹಳ್ಳಿಗೆ. ಹೊಸದುರ್ಗ ತಾಲ್ಲೂಕಿನವರಿಗೆ ಹೇಳುವುದೇ ಬೇಡ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಶಿವಕುಮಾರ ಕಲಾಸಂಘ ಅಲ್ಲಿದೆ. 1997ರಲ್ಲಿ ಶುರುವಾದ ‘ಶಿವಸಂಚಾರ’ ತಂಡ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗುತ್ತದೆ. ನವೆಂಬರಿನಲ್ಲಿ ಅಲ್ಲಿ ನಾಟಕೋತ್ಸವ. ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜನ ಕೂರುತ್ತಾರೆ.

ಆ ಮೆಟ್ಟಿಲಿನ ಮೇಲೆ ಕೂತಾಗಲೇ ನಮಗೆ ಮೊದಲ ಪಾಠವಾಯಿತು. ಮುಂದಿನವರ ತಲೆ ಅಡ್ಡ ಬರುವುದಿಲ್ಲ. ನಟನ ಕಾಲಿನಿಂದ ತಲೆವರೆಗೆ ಕಾಣುತ್ತದೆ. ಧ್ವನಿಯೂ ಅಡ್ಡಿಯಿಲ್ಲದೆ ಬರುತ್ತದೆ. ಗ್ರೀಸ್ ದೇಶದ ಎಪಿಡೌರಸ್‌ನಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಇಂಥ ಬಯಲು ರಂಗ ಇನ್ನೂ ಇದೆ. ಸಾವಿರಾರು ಜನ ಕೂರುವ ಜಾಗ, ಮೈಕಿಲ್ಲದ ಕಾಲದಲ್ಲಿ ಕಟ್ಟಿದ್ದು. ನಮ್ಮ ಊರುಗಳಲ್ಲಿ ಜನ ಸಮನೆಲದ ಮೇಲೆ ಕೂರುತ್ತಾರೆ. ಹಾಗಿದ್ದಾಗ ಸ್ಟೇಜನ್ನು ಎತ್ತರಿಸಬೇಕು, ಇಲ್ಲವೇ ಇಳಿಜಾರು ಇರುವ ಕಡೆ ಜನ ಕೂರುವಂತೆ ಸ್ಟೇಜಿನ ದಿಕ್ಕು ತಿರುಗಿಸಬೇಕು. ಎರಡನೆಯದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನಾವು ಅದನ್ನು ಯೋಚಿಸಿಯೇ ಇರಲಿಲ್ಲ.

ಎರಡನೇ ಪಾಠ ಸೀನರಿಯದು. ಊರೂರು ತಿರುಗುವ ತಂಡದ ಸಾಮಾನು ಗಾಡಿಯಲ್ಲಿ ಹಿಡಿಸಬೇಕು, ಹೋದ ಕಡೆ ಬೇಗ ನಿಲ್ಲಿಸಲು ಬರಬೇಕು. ಅದಕ್ಕೇ ಅವರ ರಂಗದ ಮೇಲೆ ನಾಲ್ಕು ಮಣೆ, ಒಂದು ಮೆಟ್ಟಿಲು, ಒಂದು ಬಟ್ಟೆ ಇಷ್ಟೇ ಇದ್ದರೂ ಅರಮನೆಯಾಗುತ್ತದೆ, ಕಾಡಾಗುತ್ತದೆ. ಹೆಗ್ಗೋಡಿನ ನೀನಾಸಮ್‌ನವರು 1985ರಿಂದ ‘ತಿರುಗಾಟ’ ನಡೆಸುತ್ತಿರುವುದೂ ಹೀಗೆಯೇ.

ಹಾಗಂತ ನಮ್ಮ ಕಡೆಯ ಬಣ್ಣದ ಪರದೆ ದಡ್ಡತನ ಅಂತಲ್ಲ. ಹೊಳಲ್ಕೆರೆ ಕಡೆ ಸೀನರಿ ಬಾಡಿಗೆಗೆ ಕೊಡುವ ಅಜ್ಜ ಒಬ್ಬರಿದ್ದಾರೆ. ಅವರ ಮನೆ ಅಟ್ಟದಲ್ಲಿ ಅರಮನೆ, ಕಾಡು, ಬೀದಿ, ಕೈಲಾಸ ಎಲ್ಲವೂ ಸುತ್ತಿಟ್ಟಿವೆ. ಬೀದಿ ಪರದೆಯನ್ನು ಯಾಕೆ ಮುಂದೆ ಕಟ್ಟುತ್ತಾರೆ ಗೊತ್ತಾ ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. “ಮುಂದೆ ಬೀದೀಲಿ ಹಾಸ್ಯದೋರು ಮಾತಾಡ್ತಿದ್ರೆ, ಹಿಂದೆ ನಾವು ದರ್ಬಾರ್ ಜೋಡಿಸ್ತೀವಿ. ಪರದೆ ಎದ್ದ ತಕ್ಷಣ ಸಿಂಹಾಸನ ರೆಡಿ. ಜನ ಒಂದು ನಿಮಿಷ ಕಾಯಂಗಿಲ್ಲ.” ಕಂಪನಿ ನಾಟಕದವರ ಲೆಕ್ಕ ಅದು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಯನ್ನೇ ರಂಗದ ಮೇಲೆ ತಂದವರು. ಆ ವೈಭವದ ಹಿಂದೆ ಇಂಥ ನೂರು ಸಣ್ಣ ಲೆಕ್ಕ ಇದ್ದವು.

ಅಜ್ಜ ಇನ್ನೊಂದು ಮಾತು ಹೇಳಿದರು. ಪರದೆ ಬರೆಯುವವನು ಕಂಬಕ್ಕೆ ನೆರಳನ್ನೂ ಸೇರಿಸಿಯೇ ಬರೆದಿರುತ್ತಾನೆ. ಅದರ ಮೇಲೆ ನೀಲಿ ಚೆಲ್ಲಿದರೆ ಅರಮನೆಯೂ ಇಲ್ಲ, ಕಂಬವೂ ಇಲ್ಲ.

ಬಣ್ಣದ ಬೆಳಕಿನ ವಿಷಯ ಕಷ್ಟದ್ದೇನಲ್ಲ. ಕೆಂಪು ಬಟ್ಟೆ ಕೆಂಪಾಗಿ ಕಾಣುವುದು ಅದು ಕೆಂಪು ಬೆಳಕನ್ನು ವಾಪಸ್ ಕಳಿಸುವುದರಿಂದ. ನೀಲಿ ಎಲ್‌ಇಡಿಯಲ್ಲಿ ಕೆಂಪು ಇಲ್ಲವೇ ಇಲ್ಲ. ಹಾಗಾಗಿ ವಾಪಸ್ ಕಳಿಸಲು ಏನೂ ಇಲ್ಲ, ಬಟ್ಟೆ ಕಪ್ಪು. ಕೆಂಪು ಬೆಳಕಿನಲ್ಲಿ ಹಸಿರು ಸೀರೆಯ ಕಥೆಯೂ ಇಷ್ಟೇ. ರಾತ್ರಿ ತೋರಿಸಬೇಕೆಂದರೆ ನೀಲಿಯನ್ನು ಹಿಂದಿನ ಪರದೆಗೆ, ಪಕ್ಕಕ್ಕೆ ಹಾಕಬೇಕು. ಮುಖಕ್ಕೆ ಸ್ವಲ್ಪವಾದರೂ ಬಿಳಿ ಅಥವಾ ತಿಳಿ ಹಳದಿ ಇರಲೇಬೇಕು.

ಇನ್ನು ಲೈಟನ್ನು ಎಲ್ಲಿ ಕಟ್ಟಬೇಕು? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇಷ್ಟ್ರು ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರಲ್ಲಿ ಬರೆದ ಪುಸ್ತಕದ ವಿಧಾನ ಇವತ್ತಿಗೂ ಎಲ್ಲ ಕಡೆ ಪಾಠ. ನಟನ ಮುಂದೆ, ಎಡಕ್ಕೊಂದು ಬಲಕ್ಕೊಂದು, ಮೇಲಿನಿಂದ 45 ಡಿಗ್ರಿ ಓರೆಯಾಗಿ. ಒಂದು ಬೆಚ್ಚನೆಯ ಬಣ್ಣ, ಇನ್ನೊಂದು ತಣ್ಣನೆಯದು. ಆಗ ಮೂಗು, ಕೆನ್ನೆ, ಕಣ್ಣು ಎಲ್ಲ ಕಾಣುತ್ತದೆ. ನೆತ್ತಿಯಿಂದ ಬಿದ್ದರೆ ಕಣ್ಣು ಗುಳಿಯಾಗುತ್ತದೆ. ಕಿರೀಟ ಇದ್ದರಂತೂ ಮುಗಿಯಿತು. ಕೆಳಗಿನಿಂದ ಬಿದ್ದರೆ ಧರ್ಮರಾಯನೂ ರಾಕ್ಷಸ.

ಇದನ್ನು ಕೇಳಿದಾಗ ನಮಗೆ ಹಳೇ ಬಯಲಾಟದ ಹಿಲಾಲು ನೆನಪಾಯಿತು. ನಾವು ನೋಡಿದವರಲ್ಲ, ಅಜ್ಜಂದಿರು ಹೇಳಿದ್ದು. ಎಣ್ಣೆ ಹೊಯ್ದ ಪಂಜು ಹಿಡಿದವರು ಆಟದವರ ಎರಡೂ ಪಕ್ಕಕ್ಕೆ ನಿಲ್ಲುತ್ತಿದ್ದರು. ಪಾತ್ರಧಾರಿ ಮುಂದೆ ಬಂದರೆ ಬೆಳಕೂ ಮುಂದೆ ಬರುತ್ತಿತ್ತು. ಅರದಾಳ, ಇಂಗಳೀಕ ಹಚ್ಚಿದ ಮುಖ ಆ ಹಳದಿ ಬೆಳಕಿಗೆ ಹೊಳೆಯುತ್ತಿತ್ತು. ಆಮೇಲೆ ಗ್ಯಾಸ್‌ಲೈಟ್ ಬಂತು, ಕರೆಂಟು ಬಂತು. ಲಂಡನ್ನಿನ ಸವಾಯ್ ಥಿಯೇಟರಿಗೆ ಪೂರ್ತಿ ವಿದ್ಯುತ್ ದೀಪ ಹಾಕಿದ್ದು 1881ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಸುಣ್ಣದ ತುಂಡನ್ನು ಉರಿಯಲ್ಲಿ ಕಾಯಿಸಿ ಬಿಳಿ ಬೆಳಕು ತೆಗೆಯುತ್ತಿದ್ದರು. ಎಲ್ಲರ ಕೆಲಸವೂ ಒಂದೇ, ಮಾತಾಡುವವನ ಮುಖ ಕಾಣಿಸುವುದು.

ದೊಡ್ಡ ಮೆಷಿನ್ ಇದ್ದರೇ ದೊಡ್ಡ ಬೆಳಕು ಎಂಬ ಭ್ರಮೆಯೂ ನಮ್ಮಿಂದ ಹೋಯಿತು. 1959ರಲ್ಲಿ ಕೋಲ್ಕತ್ತದಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕ. ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ಕೆಲಸಗಾರರು ಮುಳುಗುವ ಸೀನು. ಬೆಳಕಿನ ತಪಸ್ ಸೇನ್ ಅದನ್ನು ಒಂದು ಹನಿ ನೀರಿಲ್ಲದೆ ಬರೀ ಬೆಳಕು ನೆರಳಿನಲ್ಲಿ ತೋರಿಸಿದರು. ಡಿಮ್ಮರ್ ಕೊಳ್ಳಲಾಗದ ಹವ್ಯಾಸಿ ತಂಡದವರು ಉಪ್ಪುನೀರಿನ ಮಡಕೆಯಲ್ಲಿ ತಗಡು ಇಳಿಸಿ ಏರಿಸಿ ಬೆಳಕು ಜಾಸ್ತಿ ಕಮ್ಮಿ ಮಾಡುತ್ತಿದ್ದ ಕಾಲವೂ ಇತ್ತು. ಅದನ್ನು ನೀವು ಮಾಡಲು ಹೋಗಬೇಡಿ, ಶಾಕ್ ಹೊಡೆಯುತ್ತದೆ. ಈಗ ಡಿಮ್ಮರ್ ಬಾಡಿಗೆಗೆ ಸಿಗುತ್ತದೆ.

ಶಾಕ್ ಎಂದಾಗ ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಆ ರಾತ್ರಿ ಮಂಜು ಬಿದ್ದ ಮೇಲೆ ಸ್ಟೇಜಿನ ಕಬ್ಬಿಣದ ಪೈಪು ಮುಟ್ಟಿದ ಹುಡುಗನೊಬ್ಬ ಜುಮ್ ಅಂತು ಅಂದ. ನಾವು ನಕ್ಕು ಅವನನ್ನು ದೂರ ಕಳಿಸಿದೆವು. ಅರ್ಥಿಂಗ್ ಕೊಟ್ಟಿರಲಿಲ್ಲ. ಇಪ್ಪತ್ತು ಜನ ಬರಿಗಾಲಲ್ಲಿ ಆ ಸ್ಟೇಜಿನ ಮೇಲಿದ್ದರು. ಲೈಟು ಕೆಟ್ಟದಾಗಿ ಹಾಕಿದ್ದಕ್ಕಿಂತ ಇದೇ ದೊಡ್ಡ ತಪ್ಪು. ಈಗ ನೆನೆಸಿಕೊಂಡರೆ ನಿದ್ದೆ ಹಾರುತ್ತದೆ.

ಲೆಕ್ಕ ಸುಲಭ. 500 ವಾಟಿನ ಹಾಲೋಜನ್ ಎಂಟು ಹಾಕಿದರೆ 4000 ವಾಟ್. 230 ವೋಲ್ಟಿನಲ್ಲಿ ಸುಮಾರು 17 ಆಂಪಿಯರ್. ಯಾರದೋ ಮನೆಯ ಒಂದು ಪ್ಲಗ್ಗಿನಿಂದ ಎಳೆಯುವ ಭಾರವಲ್ಲ ಅದು. ಕಂಬಕ್ಕೆ ಕೊಕ್ಕೆ ಹಾಕುವುದಂತೂ ಬೇಡವೇ ಬೇಡ. ಬೆಸ್ಕಾಂನಿಂದ ತಾತ್ಕಾಲಿಕ ಕನೆಕ್ಷನ್ ತೆಗೆದುಕೊಳ್ಳಿ. ಲೈಸೆನ್ಸ್ ಇರುವ ವೈರಿಂಗಿನವರನ್ನೇ ಕರೆಸಿ. ಪೈಪಿನ ಸ್ಟೇಜಿಗೆ ಅರ್ಥಿಂಗ್ ಮಾಡಿಸಿ. 30 ಮಿಲಿ ಆಂಪಿಯರಿಗೆ ಕಟ್ ಆಗುವ ಆರ್‌ಸಿಸಿಬಿ ಹಾಕಿಸಿ. ವಂತಿಗೆ ಲೆಕ್ಕದಲ್ಲಿ ಹೂವಿನ ಹಾರಕ್ಕಿಂತ ಮೊದಲು ಇದನ್ನು ಬರೆಯಿರಿ.

ಧ್ವನಿಯ ಮಾತು ಉಳಿಯಿತು. ಮೈಕ್ ಕಿರುಚುವುದು ಯಾಕೆಂದರೆ ಸ್ಪೀಕರಿನಿಂದ ಬಂದದ್ದನ್ನು ಮೈಕೇ ಮತ್ತೆ ಕೇಳಿಸಿಕೊಂಡು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಹಾಗಾಗಿ ಸ್ಪೀಕರುಗಳು ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ನಾವು ಸ್ಟೇಜಿನ ಹಿಂದೆ ಇಟ್ಟಿದ್ದೆವು.

ಅಷ್ಟೇ ಅಲ್ಲ, ದೂರದ ಅರಳಿಕಟ್ಟೆಯ ಕಂಬಕ್ಕೂ ಒಂದು ಹಾರ್ನ್ ಕಟ್ಟಿದ್ದೆವು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ 68 ಮೀಟರಿಗೆ ಸೆಕೆಂಡಿನ ಐದನೇ ಒಂದು ಭಾಗ. ವೈರಿನಲ್ಲಾದರೆ ಅದೇ ಕ್ಷಣ ತಲುಪುತ್ತದೆ. ಹಾಗಾಗಿ ಕಟ್ಟೆ ಹತ್ತಿರ ಕೂತವರಿಗೆ ಮೊದಲು ಹಾರ್ನಿನ ಕರ್ಣ, ಹಿಂದೆಯೇ ಸ್ಟೇಜಿನ ಕರ್ಣ, ಒಂದೇ ಮಾತು ಎರಡೆರಡು ಸಲ ಕೇಳಿಸುತ್ತಿತ್ತು. ಅಜ್ಜಿ ಯಾರು ಮಾತಾಡ್ತಿರೋದು ಎಂದು ಕೇಳಿದ್ದರಲ್ಲಿ ಅವರ ಕಿವಿಯ ತಪ್ಪೇನಿರಲಿಲ್ಲ.

ಈ ವರ್ಷ ಮತ್ತೆ ಅದೇ ಊರಲ್ಲಿ ನಾಟಕ ಬಂತು. ನಮ್ಮನ್ನು ಯಾರೂ ಕರೆಯಲಿಲ್ಲ. ನಾವೇ ಹೋಗಿ ಮುಖಂಡರ ಹತ್ತಿರ ಕೇಳಿಕೊಂಡೆವು. “ಆ ಹೊಗೆ ಬಿಡೋದಾದ್ರೆ ಬ್ಯಾಡ” ಅಂದರು. ಹೊಗೆ ಇಲ್ಲ ಎಂದು ಮಾತು ಕೊಟ್ಟೆವು.

ಸ್ಟೇಜಿನಿಂದ ಮುಂದೆ, ಎಡಬಲಕ್ಕೆ ಎರಡು ಗಟ್ಟಿ ಕಂಬ ನೆಟ್ಟು ಬೆಚ್ಚನೆ ಬಿಳಿಯ ಎಲ್‌ಇಡಿ ಕಟ್ಟಿದೆವು. ತಪ್ಪು ಎಲ್‌ಇಡಿಯದಲ್ಲ ಎಂದು ಅಷ್ಟರಲ್ಲಿ ತಿಳಿದಿತ್ತು. ಅದಕ್ಕೆ ಕರೆಂಟೂ ಕಮ್ಮಿ ಸಾಕು. ಕಲರ್ ಲೈಟು ಪರದೆಗೆ ಮಾತ್ರ. ಬಿಸಿ ಇಲ್ಲದ ಬೆಳಕಿಗೆ ಉಪಾಯವಾಗಿ ಸ್ಟೇಜಿನ ನೆಲಕ್ಕೆ ಬಿಳಿ ಟೇಪಿನ ಗುರುತು ಅಂಟಿಸಿ, ಇದರಾಚೆ ಮುಖ ಕಾಣಲ್ಲ ಎಂದು ಎಲ್ಲ ಪಾತ್ರಧಾರಿಗಳಿಗೂ ಹೇಳಿದೆವು. ಹಾರ್ನ್ ಬಿಚ್ಚಿದೆವು. ಅರ್ಥಿಂಗ್ ಆಯಿತು.

ಈ ಸಲ ಕರ್ಣನ ಪಾರ್ಟು ಬೇರೆಯವರಿಗೆ ಹೋಗಿತ್ತು. ಈರುಳ್ಳಿಗೆ ರೇಟಿರಲಿಲ್ಲ, ಅಪ್ಪ ಯಾವ ಪಾರ್ಟೂ ಹಿಡಿದಿರಲಿಲ್ಲ.

ಸಂಜೆ ಲೈಟು ಸರಿಮಾಡುವಾಗ ಸ್ಟೇಜಿನ ಮೇಲೆ ಯಾರಾದರೂ ನಿಲ್ಲಬೇಕು. ಪಾತ್ರಧಾರಿಗಳೆಲ್ಲ ಬಣ್ಣಕ್ಕೆ ಕೂತಿದ್ದರು. ಅಪ್ಪ ನೋಡಲು ಬಂದಿದ್ದರು. “ಅಪ್ಪಾ, ಒಂಚೂರು ಕರ್ಣನ ಜಾಗದಲ್ಲಿ ನಿಂತ್ಕಳಿ” ಅಂದ ಗೆಳೆಯ. ಅವರು ಚಪ್ಪಲಿ ಬಿಟ್ಟು, ಸ್ಟೇಜು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಟೇಪಿನ ಗುರುತು ನೋಡಿ ಅದರೊಳಗೆ ನಿಂತರು. ನಾವು ಎಡಗಡೆಯದು ಸ್ವಲ್ಪ ಕೆಳಗೆ, ಬಲಗಡೆಯದು ಸ್ವಲ್ಪ ಒಳಗೆ ಎನ್ನುತ್ತಾ ಸರಿಸುತ್ತಿದ್ದೆವು. ಬೆಳಕು ಕೂತಿತು.

ನಾವು ಕೇಳಿರಲಿಲ್ಲ. ಅವರೇ ಶುರುಮಾಡಿದರು. ಮೈಕಿಲ್ಲ, ಹಾರ್ಮೋನಿಯಂ ಇಲ್ಲ. ಕುಂತಿಯ ಎದುರು ಕರ್ಣ ಆಡುವ ಮಾತು, ಮೊದಲಿನಿಂದ ಕೊನೆವರೆಗೆ, ಒಂದು ಅಕ್ಷರ ಬಿಡದೆ. ಎರಡು ವರ್ಷವಾದರೂ ಒಂದೂ ಮರೆತಿರಲಿಲ್ಲ. ಚಾಪೆ ಹಾಸುತ್ತಿದ್ದ ಹೆಂಗಸರು ಹಾಗೇ ನಿಂತರು. ಗೆಳೆಯ ಲೈಟಿನ ಕಂಬದ ಏಣಿಯಿಂದ ಇಳಿಯಲೇ ಇಲ್ಲ.

ಮುಗಿದ ಮೇಲೆ “ಸರಿ ಐತೇನ್ರಪ್ಪಾ?” ಅಂದರು. ಸರಿ ಇದೆ ಅಂದೆವು.

ನಮ್ಮಲ್ಲೊಬ್ಬ ಫೋಟೋ ತೆಗೆದಿದ್ದ. ಕಿರೀಟವಿಲ್ಲ, ಬಣ್ಣವಿಲ್ಲ. ಪಂಚೆ, ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಮುಖ ಚೆನ್ನಾಗಿ ಕಾಣುತ್ತದೆ. ಈಗ ಅವರ ವಾಟ್ಸಾಪಿಗೆ ಅದೇ ಡಿಪಿ.

ನಿಮ್ಮೂರಲ್ಲೂ ಈ ಜಾತ್ರೆಗೆ ನಾಟಕ ಇರಬಹುದು. ಲೈಟು ಹಾಕುವವರು ನೀವಾದರೆ ಸಂಜೆ ಒಬ್ಬರನ್ನು ಸ್ಟೇಜಿನ ಮೇಲೆ ನಿಲ್ಲಿಸಿ, ನೀವು ಕೊನೇ ಚಾಪೆಗೆ ಹೋಗಿ ಕೂತು ನೋಡಿ. ಅಲ್ಲಿಂದ ಮುಖ ಕಂಡು ಮಾತು ಒಂದೇ ಸಲ ಕೇಳಿಸಿದರೆ ನಿಮ್ಮ ಕೆಲಸ ಮುಗಿಯಿತು. ಉಳಿದದ್ದು ಮೂರು ತಿಂಗಳು ನಿದ್ದೆಗೆಟ್ಟು ಕಲಿತವರು ನೋಡಿಕೊಳ್ಳುತ್ತಾರೆ.